ಎಂಬತ್ತು ಕಿಲೋಮೀಟರ್ ದೂರದ ಮಗು

ಒಂದು ಚೀಟಿಯ ಕತೆಯಿಂದ ಶುರು ಮಾಡುತ್ತೇನೆ. ಬಹಳ ವರ್ಷದ ಹಿಂದಿನದು. ಎಂ.ಡಿ. ಮುಗಿಸಿ ಕಲ್ಯಾಣ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಗೆ ಮಕ್ಕಳ ಡಾಕ್ಟರಾಗಿ ಹೊಸದಾಗಿ ಬಂದಿದ್ದೆ. ಊರಿನ ಹೆಸರು ಬೇಡ. ಜನವರಿ ತಿಂಗಳು, ರಾತ್ರಿ ಎರಡು ಗಂಟೆ. ಎಂಬತ್ತು ಕಿಲೋಮೀಟರ್ ದೂರದ ತಾಲ್ಲೂಕಿನಿಂದ ಒಂದು ಜೀಪು ಬಂತು. ಇಳಿದವಳು ಒಬ್ಬ ಅಜ್ಜಿ. ಸೆರಗಿನಲ್ಲಿ ಕೂಸು. ತಾಯಿ ಇನ್ನೂ ತಾಲ್ಲೂಕು ಆಸ್ಪತ್ರೆಯಲ್ಲೇ ಮಲಗಿದ್ದಾಳೆ. ತೂಗಿದರೆ 1,300 ಗ್ರಾಂ. ಕಾಲು ಮುಟ್ಟಿದೆ, ತಣ್ಣಗೆ ಕೊರೆಯುತ್ತಿತ್ತು. ಅಜ್ಜಿಯ ಕೈಯಲ್ಲಿದ್ದ ಚೀಟಿಯಲ್ಲಿ 'ಹೆಚ್ಚಿನ ಚಿಕಿತ್ಸೆಗೆ' ಅಂತ ಒಂದೇ ಸಾಲು. ಎಷ್ಟು ಹೊತ್ತಿಗೆ ಹುಟ್ಟಿತು, ಹುಟ್ಟಿದಾಗ ಅತ್ತಿತಾ, ಹಾಲು ಹನಿಸಿದ್ದಾರಾ, ಯಾವುದೂ ಇಲ್ಲ.

"ಉಳೀತೈತೇನ್ರಿ ಸಾಹೇಬ್ರ?" ಅಂದಳು ಅಜ್ಜಿ. ಬೆಳಗಿನ ಜಾವಕ್ಕೆ ಕೂಸು ಹೋಯಿತು.

ನನಗೆ ಎಲ್ಲಿಲ್ಲದ ಸಿಟ್ಟು. ಹತ್ತು ಗಂಟೆಗೆ ಆ ತಾಲ್ಲೂಕಿನ ಡಾಕ್ಟರಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅವರು ನನಗಿಂತ ಹತ್ತು ವರ್ಷ ದೊಡ್ಡವರು. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಕೇಳಿದರು: "ಮುಗೀತೇನ್ರಿ ಡಾಕ್ಟ್ರೇ? ಕಳಿಸೋಕಿಂತ ಮುಂಚೆ ನಿಮ್ಮ ದವಾಖಾನೆಗೆ ನಾಲ್ಕು ಸಲ ಫೋನ್ ಹಚ್ಚೀನಿ. ಒಬ್ಬರೂ ಎತ್ತಲಿಲ್ಲ."

ಹೋಗಿ ನೋಡಿದೆ. ನಮ್ಮ ಫೋನು ಇದ್ದದ್ದು ಆಫೀಸಿನ ರೂಮಿನಲ್ಲಿ. ಆ ರೂಮಿಗೆ ಸಂಜೆ ಐದೂವರೆಗೆ ಬೀಗ.

ಇವತ್ತಿನ ವಿಷಯಕ್ಕೆ ನೀವು ಕೊಟ್ಟಿರುವ ಹೆಸರು ದೊಡ್ಡದಿದೆ, ಮಕ್ಕಳ ಆರೋಗ್ಯದ ಅಸಮಾನತೆ ಅಂತ. ನಾನು ಅದನ್ನು ಆ ಬೀಗ ಹಾಕಿದ ರೂಮಿನ ಬಾಗಿಲಲ್ಲಿ ನಿಂತು ನೋಡುವವನು. ಅಲ್ಲಿ ನಿಂತೇ ಮಾತಾಡುತ್ತೇನೆ.

ಮೊದಲು ಸ್ವಲ್ಪ ಲೆಕ್ಕ. ಬೇಜಾರು ಮಾಡ್ಕೋಬೇಡಿ, ಜಾಸ್ತಿ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇದು ಇಡೀ ರಾಜ್ಯದ ಸರಾಸರಿ. ಯಾದಗಿರಿಗೆ ಹೋದರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹಾಗಿದ್ದಾರೆ. ಕರಾವಳಿಗೆ ಇಳಿದರೆ ಬಹಳ ಕಡಿಮೆ. ಸರ್ಕಾರ ಒಂದೇ, ಯೋಜನೆ ಒಂದೇ, ಅಂಗನವಾಡಿಯ ಬೋರ್ಡಿನ ಬಣ್ಣವೂ ಒಂದೇ. ಇನ್ನೊಂದು ಲೆಕ್ಕ 2020ರದು. ಹುಟ್ಟಿದ ಸಾವಿರ ಕೂಸುಗಳಲ್ಲಿ ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡವು ನಮ್ಮಲ್ಲಿ 19. ಪಕ್ಕದ ಕೇರಳದಲ್ಲಿ 6. ನಮ್ಮ 19ರಲ್ಲಿ 14 ಸಾವು ಮೊದಲ 28 ದಿನದೊಳಗೇ ಆದದ್ದು. ಅಂದರೆ ಆಟ ಸೋಲುವುದು ಮೊದಲ ತಿಂಗಳಲ್ಲೇ.

ಇದನ್ನು ಕೇಳಿದ ಕೂಡಲೇ ಜನ ಹೇಳುವುದು ಒಂದೇ ಮಾತು: "ಅಲ್ಲಿಗೆ ಜಾಸ್ತಿ ಡಾಕ್ಟರನ್ನು ಹಾಕಿ." ಹಾಕಬೇಕು, ಬೇಡ ಅನ್ನುವುದಿಲ್ಲ. ಖಾಲಿ ಹುದ್ದೆ ಖಾಲಿಯೇ. ಆದರೆ ನನ್ನ ಅನುಭವ ಬೇರೆ ಹೇಳುತ್ತದೆ. ಮಕ್ಕಳ ಡಾಕ್ಟರುಗಳು ನಿಜವಾಗಿ ದೊಡ್ಡ ಕೆಲಸ ಮಾಡಿದ್ದೆಲ್ಲ ತಮಗೆ ಗೊತ್ತಿರುವುದನ್ನು ಇನ್ನೊಬ್ಬರ ಕೈಗೆ ಬಿಟ್ಟುಕೊಟ್ಟಾಗ. ನರ್ಸಿಗೆ, ಟೆಕ್ನಿಷಿಯನ್‌ಗೆ, ಆಶಾ ಕಾರ್ಯಕರ್ತೆಗೆ, ತಾಯಿಗೆ. ನಮ್ಮವರಿಗೆ ಇದು ಸುಲಭ ಅಲ್ಲ. ವರ್ಷಗಟ್ಟಲೆ ಓದಿ ಕಲಿತದ್ದನ್ನು ಪಿಯುಸಿ ಓದಿದವರ ಕೈಗೆ ಕೊಡು ಅಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ, ಅಲ್ವಾ?

1971ನ್ನು ನೆನಪಿಸಿಕೊಳ್ಳಿ. ಬಾಂಗ್ಲಾ ಯುದ್ಧ. ಪಶ್ಚಿಮ ಬಂಗಾಳದ ಗಡಿಯಲ್ಲಿ ಬನ್‌ಗಾಂವ್ ಅಂತ ಊರು. ನಿರಾಶ್ರಿತರ ಶಿಬಿರದಲ್ಲಿ ಕಾಲರಾ. ಆಸ್ಪತ್ರೆಯ ನೆಲದ ತುಂಬ ರೋಗಿಗಳು, ವಾಂತಿ ಭೇದಿಯ ನಡುವೆ ಮೊಣಕಾಲೂರಿ ಡ್ರಿಪ್ ಹಾಕಬೇಕು. ಅಲ್ಲಿದ್ದ ಡಾಕ್ಟರು ದಿಲೀಪ್ ಮಹಾಲನಬಿಸ್. ಮಕ್ಕಳ ವೈದ್ಯರಾಗಿ ತರಬೇತಿ ಪಡೆದವರು. ಸಲೈನ್ ಬಾಟಲಿ ಮುಗಿಯುತ್ತಾ ಬಂತು. ಅವರು ಉಪ್ಪು, ಸೋಡಾ, ಗ್ಲೂಕೋಸ್ ಅಳತೆ ಹಾಕಿ ನೀರಿಗೆ ಕಲಸಿ ಡ್ರಮ್ಮಿಗೆ ತುಂಬಿಸಿದರು. ರೋಗಿಯ ಕಡೆಯವರ ಕೈಗೆ ಲೋಟ ಕೊಟ್ಟರು. ನೀವೇ ಕುಡಿಸಿ ಅಂದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಈಗ ಪ್ರತಿ ಔಷಧಿ ಅಂಗಡಿಯಲ್ಲೂ ಸಿಗುವ ಓಆರ್‌ಎಸ್ ಅದೇ. 2022ರಲ್ಲಿ ಅವರು ತೀರಿಕೊಂಡರು. ಮರುವರ್ಷ ಪದ್ಮವಿಭೂಷಣ ಬಂತು.

ಈ ಕತೆಯಲ್ಲಿ ಉಪ್ಪು ಸಕ್ಕರೆ ನಿಮಗೆಲ್ಲ ಗೊತ್ತು. ನನಗೆ ಕಾಣುವುದು ಆ ಲೋಟ. ಡಾಕ್ಟರ ಕೈಯಲ್ಲಿದ್ದ ಸೂಜಿಯ ಜಾಗಕ್ಕೆ ಅಣ್ಣನ, ಅಮ್ಮನ ಕೈಯ ಲೋಟ ಬಂತು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಐವತ್ತು ವರ್ಷ ದಾಟಿದರೂ ನನ್ನ ಕ್ಲಿನಿಕ್ಕಿಗೆ ಬರುವ ಹತ್ತು ಜನರಲ್ಲಿ ನಾಲ್ವರು "ಒಂದು ಬಾಟಲ್ ಹಾಕ್ಬಿಡಿ ಸಾರ್" ಅನ್ನುತ್ತಾರೆ. ಹಾಕುವ ಡಾಕ್ಟರೂ ಇದ್ದಾರೆ, ಬಾಟಲಿಗೆ ಬಿಲ್ಲು ಬರುತ್ತದೆ, ಪುಡಿಗೆ ಬರುವುದಿಲ್ಲ. ಇನ್ನೊಂದು ಕಡೆ ಸಕ್ಕರೆ ನೀರನ್ನು ಚಂದದ ಡಬ್ಬಿಗೆ ತುಂಬಿ ಮೇಲೆ ದಪ್ಪಗೆ 'ಓಆರ್‌ಎಸ್' ಅಂತ ಬರೆದು ಮಾರುವುದು ನಡೆದಿತ್ತು. ಭೇದಿಯಾಗುತ್ತಿರುವ ಮಗುವಿಗೆ ಅಂಥ ಸಕ್ಕರೆ ನೀರು ಕುಡಿಸಿದರೆ ಭೇದಿ ಇನ್ನೂ ಜಾಸ್ತಿಯಾಗುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಇದರ ಹಿಂದೆ ವರ್ಷಗಟ್ಟಲೆ ಬಿದ್ದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅನ್ನುವ ಪದವೇ ಇರಕೂಡದು ಅಂತ ಆದೇಶ ಮಾಡಿತು. ಓದು ಬಾರದ ತಾಯಿ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದುವುದು ಎಲ್ಲಿಂದ ಬಂತು? ನಾವು ಉಳಿದ ಡಾಕ್ಟರುಗಳು ಅವರ ಜೊತೆ ಇನ್ನೂ ಬೇಗ ನಿಲ್ಲಬೇಕಿತ್ತು.

ಸರಿ, ದಾರಿಗೆ ಬರೋಣ. ಹುಟ್ಟಿದ ಕೂಸಿನ ಮೊದಲ ನಿಮಿಷ. ಹತ್ತರಲ್ಲಿ ಒಂದು ಕೂಸಿಗೆ ಉಸಿರು ಶುರುವಾಗಲು ಸ್ವಲ್ಪ ಸಹಾಯ ಬೇಕು. ಒರೆಸುವುದು, ಬೆನ್ನು ತಿಕ್ಕುವುದು, ಬೇಕಾದರೆ ಮೂಗು ಬಾಯಿಗೆ ಮಾಸ್ಕ್ ಹಿಡಿದು ಬ್ಯಾಗ್ ಒತ್ತುವುದು. ದೊಡ್ಡ ಯಂತ್ರ ಬೇಕಾಗುವುದು ನೂರರಲ್ಲಿ ಒಂದಕ್ಕೂ ಕಡಿಮೆ. ಆದರೆ ಆ ನಿಮಿಷದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರುವವರು ಯಾರು? ನರ್ಸ್. ಮಕ್ಕಳ ಡಾಕ್ಟರು ಜಿಲ್ಲಾ ಕೇಂದ್ರದಲ್ಲಿ ನಿದ್ದೆಯಲ್ಲಿದ್ದಾರೆ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಅಂತ ನಮ್ಮದೊಂದು ಸಂಘ ಇದೆ, 1963ರಲ್ಲಿ ಕಟ್ಟಿದ್ದು. ಅದು 'ಫಸ್ಟ್ ಗೋಲ್ಡನ್ ಮಿನಿಟ್' ಅನ್ನುವ ತರಬೇತಿ ಶುರು ಮಾಡಿ, ಹೆರಿಗೆ ಕೋಣೆಯಲ್ಲಿ ಇರುವವರಿಗೆ ಗೊಂಬೆಯ ಮೇಲೆ ಇದನ್ನು ಕಲಿಸುತ್ತಾ ಬಂದಿದೆ. ಕಲಿಸಲು ನಾನೂ ಹೋಗಿದ್ದೇನೆ. ಒಂದು ಸತ್ಯ ಹೇಳುತ್ತೇನೆ. ಗೊಂಬೆಯ ಎದೆ ಮೇಲೇಳುವ ಹಾಗೆ ಬ್ಯಾಗ್ ಒತ್ತುವುದನ್ನು ನರ್ಸಮ್ಮಂದಿರು ನಮ್ಮ ಹೊಸ ಡಾಕ್ಟರುಗಳಿಗಿಂತ ಬೇಗ ಕಲಿತರು. ಕೈ ಪಳಗಿತ್ತು, ಅಷ್ಟೇ.

ಕಾಂಗರೂ ಆರೈಕೆಯ ವಿಷಯಕ್ಕೆ ಬಂದರೆ ನಾಚಿಕೆಯೂ ಆಗುತ್ತದೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಎಡ್ಗರ್ ರೇ ಅನ್ನುವ ಮಕ್ಕಳ ಡಾಕ್ಟರು, ಇನ್‌ಕ್ಯುಬೇಟರ್ ಸಾಲದೆ, ತೂಕ ಕಡಿಮೆ ಇರುವ ಕೂಸುಗಳನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವ ಹಾಗೆ ಕಟ್ಟಿಸಿದರು. ಕೆಲಸ ಮಾಡಿತು. ನಾವು ಏನು ಮಾಡಿದೆವು? "ಮೊದಲು ಕೂಸು ಸ್ವಲ್ಪ ಸುಧಾರಿಸಲಿ, ಆಮೇಲೆ ತಾಯಿಗೆ ಕೊಡೋಣ" ಅಂದೆವು. ಗಾಜಿನ ಈಚೆ ತಾಯಿ, ಆಚೆ ಕೂಸು. ಸುಧಾರಿಸುವ ಮೊದಲೇ ಎಷ್ಟೋ ಕೂಸು ಹೋಗುತ್ತಿದ್ದವು. ಕೊನೆಗೆ ಭಾರತ, ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾದ ಐದು ಆಸ್ಪತ್ರೆಗಳ ಡಾಕ್ಟರುಗಳು ಸೇರಿ, ಒಂದು ಕಿಲೋದಿಂದ 1.8 ಕಿಲೋದೊಳಗಿನ 3,211 ಕೂಸುಗಳ ಮೇಲೆ ಅಧ್ಯಯನ ಮಾಡಿದರು. ನಮ್ಮ ದೇಶದಿಂದ ದೆಹಲಿಯ ಸಫ್ದರ್‌ಜಂಗ್ ಇತ್ತು. ಅರ್ಧದಷ್ಟು ಕೂಸುಗಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಾಕಿದರು, ಉಳಿದವನ್ನು ಹಳೆಯ ಪದ್ಧತಿಯಲ್ಲೇ ನೋಡಿಕೊಂಡರು. 28 ದಿನದೊಳಗೆ ಹಳೆಯ ಪದ್ಧತಿಯಲ್ಲಿ ನೂರಕ್ಕೆ 15.7 ಕೂಸು ಸತ್ತರೆ, ಎದೆಗೆ ಹಾಕಿದವುಗಳಲ್ಲಿ 12. ಇನ್ನು ಮುಂದುವರಿಸುವುದು ತಪ್ಪು ಅಂತ ಅಧ್ಯಯನವನ್ನೇ ನಡುವೆ ನಿಲ್ಲಿಸಿದರು. ಫಲಿತಾಂಶ ಬಂದದ್ದು 2021ರಲ್ಲಿ. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಹುಟ್ಟಿದ ಕೂಡಲೇ ಶುರು ಮಾಡಿ ಅಂದಿತು.

ಆ ಅಧ್ಯಯನದಲ್ಲಿ ಹುಟ್ಟಿದ ಕೂಡಲೇ ಎದೆಗೆ ಹಾಕಿದ ಒಂದು ಕೂಸು ದಿನಕ್ಕೆ ಸುಮಾರು 17 ಗಂಟೆ ಯಾರದಾದರೂ ಎದೆಯ ಮೇಲಿರುತ್ತಿತ್ತು. ತಾಯಿ ದಣಿದರೆ ಅಜ್ಜಿ, ಇಲ್ಲ ಅಪ್ಪ. ಹೇಳುವುದು ಸುಲಭ. ಮಾಡಲು ಹೋದರೆ ತಾಯಿಗೆ ಕೂಸಿನ ವಾರ್ಡಿನೊಳಗೇ ಮಂಚ ಬೇಕು. ಹೆರಿಗೆ ಡಾಕ್ಟರು ಬಾಣಂತಿಯನ್ನು ನಮ್ಮ ವಾರ್ಡಿಗೆ ಬಂದು ನೋಡಬೇಕು. ಅವಳಿಗೆ ಬಿಸಿ ಊಟ, ಶೌಚಾಲಯ. ಮಕ್ಕಳ ಡಾಕ್ಟರ ಕೈಯಲ್ಲಿ ಇದರಲ್ಲಿ ಒಂದೂ ಇಲ್ಲ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಸರ್ಕಾರದ ಜೊತೆ ಕೂತು, ಆಸ್ಪತ್ರೆಯಿಂದ ಆಶಾ ಕಾರ್ಯಕರ್ತೆಯ ಮನೆಭೇಟಿಯವರೆಗೆ ಈ ಆರೈಕೆಯನ್ನು ಇಡೀ ಜಿಲ್ಲೆಯಲ್ಲಿ ನಡೆಸಲು ಪ್ರಯತ್ನ ಮಾಡಿದರು. ಕೊಪ್ಪಳದ ಬೇಸಿಗೆ ನಿಮಗೆ ಗೊತ್ತಲ್ಲ. ಆ ಸೆಕೆಯಲ್ಲಿ ಕೂಸನ್ನು ಎದೆಗೆ ಕಟ್ಟಿಕೊಂಡು ಕೂರುವ ತಾಯಿಗೆ ಒಂದು ಫ್ಯಾನು ಕೊಡದೆ ಉಪದೇಶ ಮಾತ್ರ ಕೊಟ್ಟರೆ ಆಗದು.

ನನ್ನ ಆ ಅಜ್ಜಿಯ ಸೆರಗಿನಲ್ಲಿದ್ದ ಕೂಸನ್ನು ಜೀಪಿನಲ್ಲಿ ಅವಳ ರವಿಕೆಯೊಳಗೆ ಎದೆಗೆ ಹಾಕಿ ಕಳಿಸಿದ್ದರೆ? ಆ ತಾಲ್ಲೂಕು ಡಾಕ್ಟರಿಗೆ ಅದನ್ನು ಹೇಳಿಕೊಡಬೇಕಾದವನು ನಾನೇ ಇದ್ದೆ. ಫೋನಿನಲ್ಲಿ, ಎರಡು ನಿಮಿಷದ ಮಾತು.

ಈಗ ಕಣ್ಣಿನ ವಿಷಯ. ಇದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಾವು ಉಳಿಸಿದ ಮಕ್ಕಳಿಗೇ ಆದ ತೊಂದರೆ ಇದು. ತಿಂಗಳು ತುಂಬದೆ ಹುಟ್ಟಿದ ಕೂಸಿನ ಕಣ್ಣಿನ ಹಿಂದಿನ ಪರದೆಯಲ್ಲಿ, ಅಂದರೆ ರೆಟಿನಾದಲ್ಲಿ, ರಕ್ತನಾಳ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಹೊರಗೆ ಬಂದ ಮೇಲೆ ಅವು ಅಡ್ಡಾದಿಡ್ಡಿ ಬೆಳೆಯಬಹುದು. ಲೆಕ್ಕವಿಲ್ಲದೆ ಆಕ್ಸಿಜನ್ ಕೊಟ್ಟರೆ ಅಪಾಯ ಇನ್ನೂ ಜಾಸ್ತಿ. ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ಘಟಕ ಬಂದವು, ಒಂದು ಕಿಲೋ ಚಿಲ್ಲರೆಯ ಕೂಸುಗಳು ಬದುಕತೊಡಗಿದವು, ನಾವು ಫೋಟೋ ತೆಗೆಸಿಕೊಂಡೆವು. ಆರು ತಿಂಗಳಿಗೆ ತಾಯಿ ವಾಪಸ್ ಬಂದು "ಕೂಸು ಮಾರಿ ನೋಡವಲ್ದ್ರಿ" ಅಂದಳು. ಕಣ್ಣಿನ ಗೊಂಬೆ ಬೆಳ್ಳಗಾಗಿತ್ತು. ಆಗ ಮಾಡಲು ಏನೂ ಉಳಿದಿರಲಿಲ್ಲ.

ಇದರ ದುಷ್ಟತನ ಏನೆಂದರೆ ಮೊದಮೊದಲು ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಹುಟ್ಟಿ ಮೂವತ್ತು ದಿನದೊಳಗೆ ಒಳಗೆ ಬೆಳಕು ಬಿಟ್ಟು ನೋಡಲೇಬೇಕು. ತೀರಾ ಸಣ್ಣ ಕೂಸಾದರೆ ಇನ್ನೂ ಬೇಗ. ಹಬ್ಬಿದ್ದು ಕಂಡರೆ ಎರಡು ಮೂರು ದಿನದೊಳಗೆ ಲೇಸರ್. ಆದರೆ ಕೂಸಿನ ರೆಟಿನಾ ನೋಡಬಲ್ಲ ತಜ್ಞರು ಇದ್ದದ್ದು ಬೆಂಗಳೂರಿನಂಥ ಊರಲ್ಲಿ. ಒಂದೂವರೆ ಕಿಲೋ ಕೂಸನ್ನು ರಾಯಚೂರಿನಿಂದ ಬಸ್ಸಿನಲ್ಲಿ ಕಳಿಸುತ್ತೀರಾ?

2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಮತ್ತು ಅವರ ತಂಡ 'ಕಿಡ್‌ರಾಪ್' ಶುರು ಮಾಡಿದರು. ಕೂಸು ಬರುವುದು ಬೇಡ, ಕ್ಯಾಮೆರಾ ಹೋಗಲಿ ಅನ್ನುವುದು ಅದರ ಲೆಕ್ಕ. ತರಬೇತಿ ಪಡೆದ ಟೆಕ್ನಿಷಿಯನ್‌ಗಳು ಕ್ಯಾಮೆರಾ ಹಿಡಿದು ಜಿಲ್ಲೆಯಿಂದ ಜಿಲ್ಲೆಗೆ ಗಾಡಿಯಲ್ಲಿ ಹೋಗುತ್ತಾರೆ. ಕೂಸಿನ ರೆಟಿನಾದ ಚಿತ್ರ ತೆಗೆದು ಅಲ್ಲೇ ಅಂದಾಜು ಮಾಡುತ್ತಾರೆ: ಕೆಂಪು ಅಂದರೆ ತಕ್ಷಣ ಚಿಕಿತ್ಸೆ, ಕಿತ್ತಳೆ ಅಂದರೆ ಮತ್ತೆ ನೋಡಬೇಕು, ಹಸಿರು ಅಂದರೆ ಮನೆಗೆ ಹೋಗಬಹುದು. ಚಿತ್ರ ಇಂಟರ್‌ನೆಟ್ಟಿನಲ್ಲಿ ಬೆಂಗಳೂರಿಗೆ ಹೋಗುತ್ತದೆ, ತಜ್ಞರು ಕೂತಲ್ಲೇ ನೋಡಿ ಹೇಳುತ್ತಾರೆ. ಲೇಸರ್ ಬೇಕಾದರೆ ಡಾಕ್ಟರೇ ಅಲ್ಲಿಗೆ ಬಂದು ಮಾಡುವ ವ್ಯವಸ್ಥೆ. ಶುರುವಿನಲ್ಲಿ ನಮ್ಮಲ್ಲಿ ಕೆಲವರು ಮೂಗು ಮುರಿದರು. ಡಾಕ್ಟರಲ್ಲದವರು ರೆಟಿನಾ ಓದುವುದಾ ಅಂತ. ನಾನೂ ಮುರಿದೆ. ಆಮೇಲೆ ನಮ್ಮ ವಾರ್ಡಿನಲ್ಲಿ ಹದಿನೆಂಟು ಕೂಸುಗಳ ಕಣ್ಣನ್ನು ಒಂದು ಹುಡುಗಿ ಒಂದೇ ಬೆಳಿಗ್ಗೆ ನೋಡಿ ಮುಗಿಸಿದ್ದನ್ನು ಕಂಡು ಬಾಯಿ ಮುಚ್ಚಿದೆ.

ಇಲ್ಲಿ ಮಕ್ಕಳ ಡಾಕ್ಟರ ಪಾಲು ಏನು? ಬಹಳ ಸಣ್ಣದು, ಬೇಸರ ತರಿಸುವಂಥದ್ದು. ಎರಡು ಕಿಲೋಗಿಂತ ಕಡಿಮೆ ತೂಕದ, ಇಲ್ಲವೇ 34 ವಾರಕ್ಕಿಂತ ಮುಂಚೆ ಹುಟ್ಟಿದ ಪ್ರತಿ ಕೂಸಿನ ಪಟ್ಟಿ ಇಡುವುದು. ಡಿಸ್ಚಾರ್ಜ್ ಆದ ಕೂಸನ್ನು ಕ್ಯಾಮೆರಾ ಬರುವ ದಿನ ಕರೆಸುವುದು. ಆಕ್ಸಿಜನ್ ಅಳತೆಯಲ್ಲಿ ಕೊಡುವುದು. ಪಟ್ಟಿ ತಪ್ಪಿದ ಕೂಸಿಗೆ ಕ್ಯಾಮೆರಾ ಇದ್ದೂ ಇಲ್ಲ. ಖಾಸಗಿ ನರ್ಸಿಂಗ್ ಹೋಮುಗಳ ಕೂಸುಗಳು ತಪ್ಪುವುದು ಹೀಗೇ. ಪಕ್ಕದ ಬೀದಿಯ ಡಾಕ್ಟರಿಗೆ ಹೇಳಿಕಳಿಸಲು ನಮಗೆ ಸಂಕೋಚ, ಅವರಿಗೆ ತಮ್ಮ ಕೂಸನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸಲು ಸಂಕೋಚ.

ಲಸಿಕೆಯ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಬಹಳ ಕಾಲ ನಾನು ಎರಡು ಥರದ ಮಕ್ಕಳಿಗೆ ಎರಡು ಥರದ ಕಾರ್ಡು ಬರೆದಿದ್ದೇನೆ. ಕ್ಲಿನಿಕ್ಕಿನ ಮಗುವಿಗೆ ಭೇದಿ ತಡೆಯುವ ರೋಟಾ, ನ್ಯೂಮೋನಿಯಾ ತಡೆಯುವ ನ್ಯೂಮೋಕಾಕಲ್ ಎಲ್ಲ, ದುಡ್ಡು ಕೊಟ್ಟು. ಆಸ್ಪತ್ರೆಯ ಮಗುವಿಗೆ ಅವು ಇಲ್ಲ. ಭೇದಿ, ನ್ಯೂಮೋನಿಯಾ ಜಾಸ್ತಿ ಬರುವುದು ಎರಡನೇ ಮಗುವಿಗೆ. ರೋಟಾ ಲಸಿಕೆ 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾಗಿ 2019ರ ಹೊತ್ತಿಗೆ ದೇಶದ ಎಲ್ಲ ಕಡೆ ಉಚಿತವಾಯಿತು. ನ್ಯೂಮೋಕಾಕಲ್ 2021ರಲ್ಲಿ. ನಮ್ಮದೇ ರೋಟಾ ಲಸಿಕೆ ಹುಟ್ಟಿದ್ದು ದೆಹಲಿಯ ಏಮ್ಸ್‌ನ ಮಕ್ಕಳ ಡಾಕ್ಟರು ಎಂ.ಕೆ. ಭಾನ್ ಅವರ ಒಂದು ಗಮನದಿಂದ: ಕೆಲವು ಕೂಸುಗಳಿಗೆ ಸೋಂಕು ಇದೆ, ಭೇದಿ ಇಲ್ಲ. ಯಾಕೆ? ಆ ಪ್ರಶ್ನೆಯಿಂದ ಲಸಿಕೆಯವರೆಗೆ ಸುಮಾರು ಮೂವತ್ತು ವರ್ಷ. ಕೊನೆಯ ಪರೀಕ್ಷೆ ದೆಹಲಿ, ಪುಣೆ, ವೆಲ್ಲೂರಿನ 6,799 ಮಕ್ಕಳ ಮೇಲೆ ನಡೆಯಿತು.

ಫೋನಿನ ಕತೆ ಏನಾಯಿತು ಅಂತ ಹೇಳಲಿಲ್ಲ. ಮೊದಲು ವಾರ್ಡಿಗೆ ಒಂದು ಫೋನು ತಂದೆವು, ಅದಕ್ಕೇ ಎಂಟು ತಿಂಗಳು ಹಿಡಿಯಿತು. ಮೊಬೈಲ್ ಬಂದ ಮೇಲೆ ಜಿಲ್ಲೆಯ ಮಕ್ಕಳ ಡಾಕ್ಟರು, ತಾಲ್ಲೂಕು ಡಾಕ್ಟರು, ಹೆರಿಗೆ ಕೋಣೆಯ ನರ್ಸಮ್ಮಂದಿರು ಎಲ್ಲ ಸೇರಿ ಒಂದು ವಾಟ್ಸ್ಯಾಪ್ ಗುಂಪು. ಕಳಿಸುವ ಮುಂಚೆ ನಾಲ್ಕು ಸಂಗತಿ ಬರೆಯಬೇಕು: ತೂಕ, ಹುಟ್ಟಿದ ಹೊತ್ತು, ಮೈ ಬಿಸಿ ಇದೆಯಾ, ಕೊನೆಯ ಸಲ ಹಾಲು ಯಾವಾಗ. ಕೂಸನ್ನು ಯಾರದಾದರೂ ಎದೆಗೆ ಹಾಕಿಯೇ ಗಾಡಿ ಹತ್ತಿಸಬೇಕು. ಒಂದು ನಿಯಮವನ್ನು ನಾನೇ ಹಟ ಹಿಡಿದು ಹಾಕಿಸಿದೆ: ಗುಂಪಿನಲ್ಲಿ ಯಾರೂ ಯಾರನ್ನೂ ಬೈಯುವಂತಿಲ್ಲ. ಕೂಸಿನ ಮುಖ, ಮನೆಯವರ ಹೆಸರು ಹಾಕುವಂತಿಲ್ಲ. ಶುರುವಿನಲ್ಲಿ ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳೇ ಜಾಸ್ತಿ ಬರುತ್ತಿದ್ದವು, ಅದನ್ನು ನಿಲ್ಲಿಸಲು ಇನ್ನೊಂದು ನಿಯಮ ಬೇಕಾಯಿತು.

ಗುಂಪಿನಿಂದ ಒಂದು ಸಂಗತಿ ಕಣ್ಣಿಗೆ ಬಿತ್ತು. ಬರುವ ಕೂಸುಗಳಲ್ಲಿ ಗಂಡೇ ಜಾಸ್ತಿ. ಹುಟ್ಟಿದ ಗಂಡು ಕೂಸು ಸ್ವಲ್ಪ ನಾಜೂಕು, ನಿಜ. ಆದರೆ ಅಷ್ಟರಿಂದ ಲೆಕ್ಕ ಸರಿ ಹೋಗುವುದಿಲ್ಲ. ಒಬ್ಬ ನರ್ಸಮ್ಮ ನೇರವಾಗಿ ಹೇಳಿದರು: "ಹೆಣ್ಣು ಕೂಸಿಗೆ ಗಾಡಿ ಕರೆಸ್ತೀನಿ ಅಂದ್ರ, 'ಮನೀಗೇ ಒಯ್ತೀವಿ ಬಿಡ್ರಿ' ಅಂತಾರ ಸರ್." ಡಾಕ್ಟರುಗಳ ಸಭೆಯಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ನಮಗೆ ಕೈಗೆ ಸಿಗದೇ ಇರುವುದು ಗುಳೆ. ಸುಗ್ಗಿ ಮುಗಿದ ಮೇಲೆ ಊರಿಗೆ ಊರೇ ಬೆಂಗಳೂರಿಗೋ ಗೋವಾಕ್ಕೋ ಪುಣೆಗೋ ಹೋಗುತ್ತದೆ. ಅಂಗನವಾಡಿಯ ಪಟ್ಟಿಯಲ್ಲಿ ಮಗು ಇಲ್ಲಿ, ಮಗು ಮಲಗುವುದು ಅಲ್ಲಿ ತಗಡಿನ ಶೆಡ್ಡಿನಲ್ಲಿ. ಅಪೌಷ್ಟಿಕತೆಯ ಮಗುವನ್ನು ಪುನಶ್ಚೇತನ ಕೇಂದ್ರದಲ್ಲಿ ಹದಿನಾಲ್ಕು ದಿನ ಇಟ್ಟುಕೊಂಡು ತೂಕ ಏರಿಸಿ ಕಳಿಸುತ್ತೇವೆ. ಮೂರು ತಿಂಗಳಿಗೆ ಅದೇ ಮಗು ಇನ್ನೂ ಬಡಕಲಾಗಿ ಬರುತ್ತದೆ. ಈಗ ಲಸಿಕೆಗೆ ಯು-ವಿನ್ ಅಂತ ಮೊಬೈಲ್ ವ್ಯವಸ್ಥೆ ಬಂದಿದೆ, ಒಳ್ಳೆಯದೇ. ಆದರೆ ಅಪ್ಪನ ಸಿಮ್ಮು ನಾಲ್ಕು ತಿಂಗಳಿಗೊಮ್ಮೆ ಬದಲಾಗುತ್ತದೆ.

ಹೋದ ವರ್ಷ ಲಿಂಗಸುಗೂರು ಕಡೆಯ ಒಂದು ಕುಟುಂಬ. ಮಗಳಿಗೆ ಒಂದೂವರೆ ವರ್ಷ. ಬೆಂಗಳೂರಿನ ಸರ್ಜಾಪುರದ ಹತ್ತಿರ ಕಟ್ಟಡದ ಕೆಲಸದಲ್ಲಿ ಅಪ್ಪ ಅಮ್ಮ. ಮಗುವಿಗೆ ಜ್ವರ ಅಂತ ಅಲ್ಲಿನ ಕ್ಲಿನಿಕ್ಕಿಗೆ ಹೋದರು. ಅಲ್ಲಿದ್ದ ಡಾಕ್ಟರ್ ಹುಡುಗ ನನ್ನ ಹಳೆಯ ವಿದ್ಯಾರ್ಥಿ, ಲಸಿಕೆ ಬರೆದಿಡುವ 'ತಾಯಿ ಕಾರ್ಡ್' ಕೇಳಿದ. ಕಾರ್ಡು ಊರಲ್ಲಿ, ಅಜ್ಜಿಯ ಟ್ರಂಕಿನಲ್ಲಿ. ಅವನು ನನಗೆ ಫೋನ್ ಮಾಡಿದ, ನಾನು ಗುಂಪಿನಲ್ಲಿ ಊರಿನ ಹೆಸರು ಹಾಕಿದೆ. ಅರ್ಧ ಗಂಟೆಯಲ್ಲಿ ಆಶಾ ಕಾರ್ಯಕರ್ತೆ ಅಜ್ಜಿಯ ಮನೆಗೆ ಹೋಗಿ ಕಾರ್ಡಿನ ಎರಡೂ ಮಗ್ಗುಲ ಫೋಟೋ ತೆಗೆದು ನನಗೆ ಕಳಿಸಿದರು. ದಡಾರದ ಎರಡನೇ ಡೋಸ್ ಬಾಕಿ ಇತ್ತು. ಜ್ವರ ಇಳಿದ ಮೇಲೆ ಅಲ್ಲಿಯೇ ಆರೋಗ್ಯ ಕೇಂದ್ರದಲ್ಲಿ ಹಾಕಿಸಿದ. ತೋಳಿನ ಸುತ್ತಳತೆಯನ್ನೂ ನೋಡಿದ್ದಾನೆ, 12 ಸೆಂಟಿಮೀಟರ್. ಅಳತೆ ಪಟ್ಟಿಯಲ್ಲಿ ಹಳದಿ ಬಣ್ಣ, ಅಂದರೆ ಅಪೌಷ್ಟಿಕತೆ, ಇನ್ನು ಸ್ವಲ್ಪ ಇಳಿದರೆ ಕೆಂಪು. ಹದಿನೈದು ದಿನ ಬಿಟ್ಟು ಮತ್ತೆ ಕರೆದುಕೊಂಡು ಬನ್ನಿ ಅಂದಿದ್ದ.

ಬರಲಿಲ್ಲ. ಅವನೇ ಬೈಕ್ ಹತ್ತಿ ಶೆಡ್ಡಿನ ಹತ್ತಿರ ಹೋಗಿ ನೋಡಿದ. ಆ ಸೈಟಿನ ಕೆಲಸ ಮುಗಿದು ಎಲ್ಲರೂ ಬೇರೆ ಕಡೆ ಹೋಗಿದ್ದರು. ಎಲ್ಲಿಗೆ ಅಂತ ಮೇಸ್ತ್ರಿಗೂ ಗೊತ್ತಿರಲಿಲ್ಲ. ಗುಂಪಿನಲ್ಲಿ ಆ ಊರಿನ ಹೆಸರು ಇನ್ನೂ ಮೇಲೆ ಪಿನ್ ಆಗಿಯೇ ಇದೆ, ನಾನು ತೆಗೆದಿಲ್ಲ.